ಫೋರ್ಡ್ ಕಂಪನಿಯ ಕಥೆ ಅರ್ಧಕ್ಕೆ ನಿಲ್ಲಬಾರದು

ಸಂಪಾದಕರಿಗೆ,

ಮಾನ್ಯರೇ,

ಅಮೆರಿಕದ ಫೋರ್ಡ್ ಮೋಟಾರ್ ಕಂಪನಿಯು ಚೆನ್ನೈ ಬಳಿಯ ಮರೈಮಲೈ ನಗರದಲ್ಲಿರುವ ತನ್ನ ಕಾರ್ಖಾನೆಯನ್ನು ಮತ್ತೆ ಬಳಸಿಕೊಳ್ಳಲಿರುವ ಕುರಿತು ತಮ್ಮ ಪತ್ರಿಕೆಯಲ್ಲಿ ಬಂದ ಲೇಖನವನ್ನು ಆಸಕ್ತಿಯಿಂದ ಓದಿದೆ. ಹೆನ್ರಿ ಫೋರ್ಡ್ ಅವರು ಕಾರ್ಮಿಕರ ಮೇಲಿನ ಕರುಣೆಯಿಂದ ದಿನಕ್ಕೆ ಐದು ಡಾಲರ್ ಕೂಲಿ ಕೊಟ್ಟ ದೊಡ್ಡ ಮನುಷ್ಯ ಎಂದು ಹೇಳಿ, ಅಲ್ಲಿಗೇ ಕಂಪನಿಯ ಹಳೆಯ ಇತಿಹಾಸವನ್ನು ಮುಗಿಸಿದ್ದು ನನಗೆ ಸರಿ ಕಾಣಲಿಲ್ಲ. ಕಲಬುರಗಿಯಲ್ಲಿ ಮೂವತ್ತು ವರ್ಷ ಐಟಿಐ ಹುಡುಗರಿಗೆ ಮೋಟಾರು ರಿಪೇರಿ ಕಲಿಸಿ ನಿವೃತ್ತನಾದವನು ನಾನು. ಈ ಕಂಪನಿಯ ಕೆಲಸದ ಬಗ್ಗೆ ನನಗೆ ಅಪಾರ ಗೌರವವಿದೆ. ಆ ಗೌರವ ಇರುವುದರಿಂದಲೇ ಲೇಖನ ಬಿಟ್ಟ ಭಾಗವನ್ನೂ ಬರೆಯಬೇಕೆನಿಸಿತು.

ನಮ್ಮ ಭಾಗದ ರೈತರಿಗೆ ಫೋರ್ಡ್ ಎಂದರೆ ಮೊದಲು ಕಣ್ಮುಂದೆ ಬರುವುದು ಕಾರಲ್ಲ, ನೀಲಿ ಬಣ್ಣದ ಟ್ರ್ಯಾಕ್ಟರ್. ಎಸ್ಕಾರ್ಟ್ಸ್ ಕಂಪನಿಯ ಜೊತೆಗಿನ ಒಪ್ಪಂದದಂತೆ 1971ರಿಂದ ನಮ್ಮ ದೇಶದಲ್ಲೇ ಫೋರ್ಡ್ ಟ್ರ್ಯಾಕ್ಟರುಗಳು ತಯಾರಾದವು. ಅವುಗಳಲ್ಲಿ 3600 ಎಂಬ ಮಾದರಿ ಆಳಂದ ತಾಲ್ಲೂಕಿನ ನಮ್ಮ ಊರಿಗೂ ಬಂತು. ತೊಗರಿ, ಜೋಳ ಬೆಳೆಯುವ ಎರೆಹೊಲದಲ್ಲಿ ಬೇಸಿಗೆಯ ನೇಗಿಲು ಹೊಡೆಯುವಾಗ ಅದರ ಮೂರು ಸಿಲಿಂಡರಿನ ಎಂಜಿನ್ನಿನ ಸದ್ದು ಎರಡು ಹೊಲದಾಚೆಗೂ ಗುರುತು ಸಿಗುತ್ತಿತ್ತು. ರಾಶಿಯ ಕಾಲದ ಒಂದು ರಾತ್ರಿ ಟ್ಯಾಂಕಿನ ಡೀಸೆಲ್ ಪೂರ್ತಿ ಬರಿದಾಗಿ ಲೈನಿನಲ್ಲಿ ಏರ್ ಹಿಡಿದು (ಗಾಳಿ ಸೇರಿ) ಎಂಜಿನ್ ನಿಂತಾಗ, ಶಾಲೆಯ ಮೆಟ್ಟಿಲು ಹತ್ತದ ನಮ್ಮೂರ ಮಿಸ್ತ್ರಿ ಕಂದೀಲಿನ ಬೆಳಕಿನಲ್ಲಿ ಒಂದೇ ಪಾನಾ ಹಿಡಿದು ಫಿಲ್ಟರಿನ ತಿರುಪು ಸಡಿಲಿಸಿ, ಫೀಡ್ ಪಂಪಿನ ಸಣ್ಣ ಹಿಡಿಯನ್ನು ಹೆಬ್ಬೆರಳಿನಿಂದ ಒತ್ತುತ್ತಾ, ನೊರೆ ನಿಂತು ತಿಳಿ ಡೀಸೆಲ್ ಸುರಿಯುವವರೆಗೆ ಕಾದು ತಿರುಪು ಬಿಗಿದದ್ದನ್ನು ಹುಡುಗನಾಗಿ ನಾನು ಪಕ್ಕದಲ್ಲಿ ನಿಂತು ನೋಡಿದ್ದೇನೆ. ಮುಂದೆ ನಾನು ತರಗತಿಯಲ್ಲಿ ಕಲಿಸಿದ ಮೊದಲ ಪಾಠವೂ ಅದೇ. ಹಳ್ಳಿಯಲ್ಲಿ, ಹೊಲದ ಬದುವಿನ ಮೇಲೆ, ಬಳಸುವವನೇ ಬಿಚ್ಚಿ ಜೋಡಿಸಿಕೊಳ್ಳಬಹುದಾದ ಯಂತ್ರವನ್ನು ಮಾಡಿದ್ದರಿಂದಲೇ ಫೋರ್ಡ್‌ಗೆ ಹೆಸರು ಬಂದದ್ದು.

ಈ ಗುಣ ಕಂಪನಿಗೆ ಹುಟ್ಟಿನಿಂದ ಬಂದದ್ದು. ಎರಡು ಕಂಪನಿಗಳಿಂದ ಹೊರಬಿದ್ದ ನಂತರ ಹೆನ್ರಿ ಫೋರ್ಡ್ ಅವರು 1903ರ ಜೂನ್ 16ರಂದು ಡೆಟ್ರಾಯಿಟ್ ನಗರದಲ್ಲಿ ಕೇವಲ 28,000 ಡಾಲರ್ ನಗದು ಬಂಡವಾಳದಿಂದ ಈ ಕಂಪನಿಯನ್ನು ಆರಂಭಿಸಿದರು. ಐದು ವರ್ಷಗಳ ಬಳಿಕ, 1908ರ ಅಕ್ಟೋಬರಿನಲ್ಲಿ, ಮಾಡೆಲ್ ಟಿ ಬಂತು. ಶ್ರೀಮಂತರ ಆಟಿಕೆಯಾಗಿದ್ದ ಕಾರನ್ನು ಅಮೆರಿಕದ ರೈತನ ಕೆಸರು ರಸ್ತೆಗೆ ಒಗ್ಗುವಂತೆ ನೆಲದಿಂದ ಎತ್ತರಕ್ಕೆ ನಿಲ್ಲಿಸಿ, ವೆನೇಡಿಯಂ ಎಂಬ ಲೋಹ ಬೆರೆಸಿದ ಹಗುರವಾದ ಗಟ್ಟಿ ಉಕ್ಕನ್ನು ಬಳಸಿ, ಮನೆಯ ಮುಂದೆಯೇ ರಿಪೇರಿಯಾಗುವಷ್ಟು ಸರಳವಾಗಿ ಅದನ್ನು ಕಟ್ಟಿದ್ದರು. 850 ಡಾಲರಿನಿಂದ ಶುರುವಾದ ಬೆಲೆ 1920ರ ದಶಕದ ನಡುವಿಗೆ 300 ಡಾಲರಿಗೂ ಕೆಳಗಿಳಿಯಿತು. 1927ರಲ್ಲಿ ತಯಾರಿ ನಿಲ್ಲುವ ಹೊತ್ತಿಗೆ ಒಂದೂವರೆ ಕೋಟಿಗೂ ಹೆಚ್ಚು ಕಾರುಗಳು ಹೊರಬಂದಿದ್ದವು. ಬೆಲೆ ಇಳಿಸಿ ಇನ್ನಷ್ಟು ಜನರಿಗೆ ಕಾರು ತಲುಪಿಸುತ್ತೇನೆ ಎಂದು ಹೊರಟ ಹೆನ್ರಿ ಫೋರ್ಡ್ ಅವರನ್ನು ಶೇರುದಾರರಾದ ಡಾಡ್ಜ್ ಸಹೋದರರು ನ್ಯಾಯಾಲಯಕ್ಕೆ ಎಳೆದರು. ಕಂಪನಿ ಇರುವುದು ಮೊದಲಿಗೆ ಶೇರುದಾರರ ಲಾಭಕ್ಕಾಗಿ ಎಂದು ಹೇಳಿದ ಮಿಷಿಗನ್ ಸುಪ್ರೀಂ ಕೋರ್ಟ್, 1919ರಲ್ಲಿ ಸುಮಾರು 1 ಕೋಟಿ 90 ಲಕ್ಷ ಡಾಲರ್ ಲಾಭಾಂಶ ಹಂಚುವ ಆದೇಶವನ್ನು ಎತ್ತಿಹಿಡಿಯಿತು. ನಮ್ಮ ವಾಣಿಜ್ಯ ವಿದ್ಯಾರ್ಥಿಗಳು ಈ ಮೊಕದ್ದಮೆಯನ್ನು ತಪ್ಪದೆ ಓದಬೇಕು.

ಇನ್ನು ಐದು ಡಾಲರ್ ಕೂಲಿಯ ಮಾತು. 1913ರಲ್ಲಿ ಹೈಲ್ಯಾಂಡ್ ಪಾರ್ಕ್ ಕಾರ್ಖಾನೆಯಲ್ಲಿ ಚಲಿಸುವ ಜೋಡಣಾ ಸಾಲು ಬಂತು. ಅಲ್ಲಿಯವರೆಗೆ ಕಾರಿನ ಒಂದು ಚಾಸಿ (ಕೆಳಗಿನ ಚೌಕಟ್ಟು) ಜೋಡಿಸಲು ಹನ್ನೆರಡೂವರೆ ಗಂಟೆ ಹಿಡಿಯುತ್ತಿದ್ದದ್ದು ಮರುವರ್ಷ 93 ನಿಮಿಷಕ್ಕೆ ಇಳಿಯಿತು. ಲೆಕ್ಕದಲ್ಲಿ ಇದು ಅದ್ಭುತವೇ ಸರಿ. ಆದರೆ ಇಡೀ ದಿನ ಒಂದೇ ಜಾಗದಲ್ಲಿ ನಿಂತು, ಎದುರಿಗೆ ಬಂದ ಒಂದೇ ಬೋಲ್ಟಿಗೆ ಒಂದೇ ನಟ್ಟು ತಿರುಗಿಸುವ ಕೆಲಸವನ್ನು ಕಸುಬು ಬಲ್ಲ ಮನುಷ್ಯ ಎಷ್ಟು ದಿನ ಸಹಿಸಿಕೊಂಡಾನು? ಜನ ಗುಂಪು ಗುಂಪಾಗಿ ಕೆಲಸ ಬಿಟ್ಟು ಹೋದರು. ಸುಮಾರು 14,000 ಕಾರ್ಮಿಕರನ್ನು ಉಳಿಸಿಕೊಳ್ಳಲು ಆ ಒಂದು ವರ್ಷದಲ್ಲಿ 52,000ಕ್ಕೂ ಹೆಚ್ಚು ಜನರನ್ನು ನೇಮಿಸಿಕೊಳ್ಳಬೇಕಾಯಿತು. ಈ ಸೋರಿಕೆಯನ್ನು ತಡೆಯುವುದು ಕಂಪನಿಗೆ ಅನಿವಾರ್ಯವಾದಾಗ 1914ರ ಜನವರಿ 5ರ ಘೋಷಣೆ ಬಂತು: ಒಂಬತ್ತು ಗಂಟೆಗೆ 2.34 ಡಾಲರ್ ಇದ್ದ ಕೂಲಿ ಎಂಟು ಗಂಟೆಗೆ ಐದು ಡಾಲರ್ ಆಯಿತು. ಆ ಐದರಲ್ಲಿ ಸುಮಾರು ಅರ್ಧ ಭಾಗ ಲಾಭದ ಪಾಲೆಂಬ ಹೆಸರಿನದು, ಅದಕ್ಕೆ ಷರತ್ತುಗಳೂ ಇದ್ದವು. ಕಂಪನಿಯ ಸಮಾಜಶಾಸ್ತ್ರ ವಿಭಾಗದ ಪರಿವೀಕ್ಷಕರು ಕಾರ್ಮಿಕರ ಮನೆಗಳಿಗೆ ಹೋಗಿ, ಅವನು ಕುಡಿಯುತ್ತಾನೆಯೇ, ಹಣ ಉಳಿಸುತ್ತಾನೆಯೇ, ಮನೆ ಚೊಕ್ಕಟವಾಗಿದೆಯೇ ಎಂದು ಬರೆದುಕೊಳ್ಳುತ್ತಿದ್ದರು. ಕೂಲಿ ಹೆಚ್ಚಿಸಿದ್ದರ ಮಹತ್ವವನ್ನು ನಾನು ಕಡಿಮೆ ಮಾಡುತ್ತಿಲ್ಲ. ಕಾರು ಮಾಡುವವನೇ ಕಾರು ಕೊಳ್ಳಬಲ್ಲ ಕಾಲವನ್ನು ಅದು ಹತ್ತಿರ ತಂದಿತು. 1926ರಲ್ಲಿ ವಾರಕ್ಕೆ ಐದೇ ದಿನದ ಕೆಲಸವನ್ನು ಜಾರಿಗೆ ತಂದದ್ದೂ ಇದೇ ಕಂಪನಿ. ಆದರೆ ಅದು ದಾನವಾಗಿರಲಿಲ್ಲ. ಬಿಟ್ಟು ಹೋಗುವ ಹಕ್ಕನ್ನು ಚಲಾಯಿಸಿ ಕಾರ್ಮಿಕರೇ ಪಡೆದುಕೊಂಡ ಕೂಲಿ ಅದು ಎಂದು ನಮ್ಮ ಹುಡುಗರಿಗೆ ಗೊತ್ತಾಗಬೇಕು.

ಅದೇ ಕಂಪನಿ ಮುಂದೆ ಕಾರ್ಮಿಕರೊಂದಿಗೆ ನಡೆದುಕೊಂಡ ರೀತಿಯ ಬಗ್ಗೆ ತಮ್ಮ ಲೇಖನದಲ್ಲಿ ಒಂದು ಸಾಲೂ ಇಲ್ಲ. ಆರ್ಥಿಕ ಕುಸಿತದ ನಡುವೆ, 1932ರ ಮಾರ್ಚ್ 7ರ ಚಳಿಯಲ್ಲಿ, ಕೆಲಸ ಕಳೆದುಕೊಂಡ ಸಾವಿರಾರು ಜನ ಡಿಯರ್‌ಬಾರ್ನ್‌ನ ರಿವರ್ ರೂಜ್ ಕಾರ್ಖಾನೆಯತ್ತ ಮೆರವಣಿಗೆ ಹೋದಾಗ ಪೊಲೀಸರೂ ಕಂಪನಿಯ ಕಾವಲುಗಾರರೂ ಗುಂಡು ಹಾರಿಸಿದರು. ಅಂದು ನಾಲ್ವರು ಸತ್ತರು, ಗಾಯಗೊಂಡ ಐದನೆಯವರು ಕೆಲವು ತಿಂಗಳ ನಂತರ ತೀರಿಕೊಂಡರು. 1937ರ ಮೇ 26ರಂದು ಅದೇ ಕಾರ್ಖಾನೆಯ ಮೇಲ್ಸೇತುವೆಯ ಬಳಿ ಕರಪತ್ರ ಹಂಚಲು ಬಂದ ವಾಲ್ಟರ್ ರಾಯ್ಥರ್ ಮತ್ತಿತರ ಸಂಘದ ಮುಖಂಡರನ್ನು ಕಂಪನಿಯ ಜನ ಹೊಡೆದು ಕೆಡವಿದರು. ಸುದ್ದಿಛಾಯಾಗ್ರಾಹಕರು ತೆಗೆದ ಚಿತ್ರಗಳು ಉಳಿದುಕೊಂಡಿದ್ದರಿಂದ ಯಾರೂ ಅದನ್ನು ಅಲ್ಲಗಳೆಯಲಾಗಲಿಲ್ಲ. ಪ್ರತಿಸ್ಪರ್ಧಿ ಕಾರು ಕಂಪನಿಗಳಾದ ಜನರಲ್ ಮೋಟಾರ್ಸ್ ಮತ್ತು ಕ್ರೈಸ್ಲರ್ 1937ರಲ್ಲೇ ಕಾರ್ಮಿಕ ಸಂಘದೊಂದಿಗೆ ಒಪ್ಪಂದ ಮಾಡಿಕೊಂಡರೆ ಫೋರ್ಡ್ 1941ರವರೆಗೆ ಎಳೆಯಿತು. ಇದಕ್ಕೂ ಮೊದಲು, 1920ರಿಂದ, ಹೆನ್ರಿ ಫೋರ್ಡ್ ಅವರು ತಾವೇ ಕೊಂಡಿದ್ದ ವಾರಪತ್ರಿಕೆಯಲ್ಲಿ ಯಹೂದಿ ಜನಾಂಗದ ವಿರುದ್ಧ ಸರಣಿ ಲೇಖನಗಳನ್ನು ಹಾಕಿಸಿದ್ದರು. 1927ರಲ್ಲಿ ಕ್ಷಮೆ ಕೇಳಿದರೂ, 1938ರಲ್ಲಿ ಹಿಟ್ಲರನ ಸರ್ಕಾರ ಕೊಟ್ಟ ಪದಕವನ್ನು ಸ್ವೀಕರಿಸಿದರು. ಪತ್ರಿಕೆ ನಡೆಸುವ ತಮಗೆ ಇದರ ಭಾರ ನಾನು ಹೇಳದೆಯೇ ತಿಳಿಯುತ್ತದೆ. ಎಂಜಿನ್ನಿನ ಮೇಲೆ ಅಷ್ಟು ಹಿಡಿತವಿದ್ದ ಮನುಷ್ಯ ದ್ವೇಷವನ್ನು ಅಚ್ಚು ಹಾಕಿಸಿ ಹಂಚಿದ ಎಂಬುದನ್ನು ಮುಚ್ಚಿಟ್ಟು ಬರೆಯುವ ಜೀವನಚರಿತ್ರೆಯನ್ನು ಮಕ್ಕಳ ಕೈಗೆ ಕೊಡಲು ನನಗೆ ಮನಸ್ಸಾಗುವುದಿಲ್ಲ.

ಕಂಪನಿಯ ಹೆಸರಿಗೆ ಅಂಟಿದ ಇನ್ನೊಂದು ಕಲೆ ಪಿಂಟೊ ಕಾರಿನದು. ಇದನ್ನು ಮಾತ್ರ ಎಚ್ಚರಿಕೆಯಿಂದ ಹೇಳಬೇಕು, ಏಕೆಂದರೆ ಇಲ್ಲಿ ಅತಿಶಯೋಕ್ತಿಯೂ ಬೆರೆತಿದೆ. 1971ರ ಮಾದರಿಯಾಗಿ ಬಂದ ಈ ಸಣ್ಣ ಕಾರಿನ ಪೆಟ್ರೋಲ್ ಟ್ಯಾಂಕು ಹಿಂದಿನ ಆಕ್ಸಲ್ಲಿನ ಹಿಂಬದಿಯಲ್ಲಿತ್ತು; ಹಿಂದಿನಿಂದ ಬೇರೆ ವಾಹನ ಗುದ್ದಿದಾಗ ಟ್ಯಾಂಕು ಒಡೆದು ಬೆಂಕಿ ಹತ್ತಿ ಜನ ಸತ್ತರು. 1978ರಲ್ಲಿ ಕಂಪನಿ ಸುಮಾರು 15 ಲಕ್ಷ ಕಾರುಗಳನ್ನು ದುರಸ್ತಿಗೆ ಹಿಂದಕ್ಕೆ ಕರೆಯಬೇಕಾಯಿತು. ಒಂದು ಕಾರಿಗೆ 11 ಡಾಲರ್ ಖರ್ಚು ಒಂದು ಕಡೆ, ಒಂದು ಜೀವಕ್ಕೆ 2 ಲಕ್ಷ ಡಾಲರ್ ಬೆಲೆ ಇನ್ನೊಂದು ಕಡೆ ಇಟ್ಟು ತೂಗಿದ ಫೋರ್ಡ್ ದಾಖಲೆಯೊಂದನ್ನು ಪಿಂಟೊಗಾಗಿಯೇ ಮಾಡಿದ ಲೆಕ್ಕವೆಂದು ಎಲ್ಲರೂ ಹೇಳುತ್ತಾರೆ. ವಾಸ್ತವದಲ್ಲಿ ಅದು ಕಾರು ಮಗುಚಿದಾಗ ಇಂಧನ ಸೋರುವುದನ್ನು ಕುರಿತು, ಎಲ್ಲ ಕಾರುಗಳನ್ನೂ ಲೆಕ್ಕಕ್ಕೆ ಹಿಡಿದು, ಸರ್ಕಾರದ ಸುರಕ್ಷತಾ ಸಂಸ್ಥೆಗೆ ಸಲ್ಲಿಸಿದ ದಾಖಲೆ. ಜೀವದ ಬೆಲೆಯ ಅಂಕಿಯೂ ಆ ಸಂಸ್ಥೆಯದೇ. ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿ ನಡೆದ ಕ್ರಿಮಿನಲ್ ಮೊಕದ್ದಮೆಯಲ್ಲಿ 1980ರಲ್ಲಿ ಜ್ಯೂರಿ ಕಂಪನಿಯನ್ನು ನಿರ್ದೋಷಿ ಎಂದಿತು. ಇಷ್ಟೆಲ್ಲ ಹೇಳಿದ ಮೇಲೂ, ಟ್ಯಾಂಕನ್ನು ಅಲ್ಲಿಟ್ಟದ್ದು ತಪ್ಪು, ಅದನ್ನು ಸರಿಪಡಿಸಲು ಏಳು ವರ್ಷ ಕಾದದ್ದು ಇನ್ನೂ ದೊಡ್ಡ ತಪ್ಪು ಎಂಬ ನನ್ನ ಅಭಿಪ್ರಾಯ ಬದಲಾಗುವುದಿಲ್ಲ. ಟ್ಯಾಂಕು ಎಲ್ಲಿದೆ ಎಂದು ಕಾರು ಕೊಳ್ಳುವವನು ಬಗ್ಗಿ ನೋಡುವುದಿಲ್ಲ. ಮಾಡುವವನನ್ನು ನಂಬಿ ಹೆಂಡತಿ ಮಕ್ಕಳನ್ನು ಹಿಂದಿನ ಸೀಟಿನಲ್ಲಿ ಕೂರಿಸುತ್ತಾನೆ.

2008ರ ಆರ್ಥಿಕ ಬಿಕ್ಕಟ್ಟಿನ ವಿಷಯದಲ್ಲಿ ಲೇಖನ ಕಂಪನಿಯನ್ನು ಹೊಗಳಿರುವುದು ಬಹುಮಟ್ಟಿಗೆ ಸರಿಯೇ. ವಿಮಾನ ತಯಾರಿಸುವ ಬೋಯಿಂಗ್‌ನಿಂದ ಬಂದು ಫೋರ್ಡ್ ಮುಖ್ಯಸ್ಥರಾದ ಅಲನ್ ಮುಲಾಲಿ ಅವರ ಕಾಲದಲ್ಲಿ, 2006ರಲ್ಲೇ, ನೀಲಿ ಅಂಡಾಕಾರದ ಲಾಂಛನವೂ ಸೇರಿದಂತೆ ಆಸ್ತಿಗಳನ್ನು ಒತ್ತೆಯಿಟ್ಟು 2,300 ಕೋಟಿ ಡಾಲರಿಗೂ ಹೆಚ್ಚು ಸಾಲ ತಂದಿದ್ದರಿಂದ, 2009ರಲ್ಲಿ ಜನರಲ್ ಮೋಟಾರ್ಸ್ ಮತ್ತು ಕ್ರೈಸ್ಲರ್ ದಿವಾಳಿಯಾದಾಗಲೂ ಫೋರ್ಡ್ ನಿಂತಿತು. ಜಾಗ್ವಾರ್ ಮತ್ತು ಲ್ಯಾಂಡ್ ರೋವರ್ 2008ರಲ್ಲಿ ನಮ್ಮ ಟಾಟಾ ಕಂಪನಿಯ ಪಾಲಾದದ್ದು ಇದೇ ಮನೆ ಚೊಕ್ಕ ಮಾಡುವ ಕೆಲಸದ ಭಾಗವಾಗಿ. ಆದರೆ ಸರ್ಕಾರದಿಂದ ಒಂದು ಕಾಸೂ ಪಡೆಯಲಿಲ್ಲ ಎಂಬ ಮಾತು ನಿಜವಲ್ಲ. ಕಡಿಮೆ ಇಂಧನ ಕುಡಿಯುವ ವಾಹನಗಳಿಗಾಗಿ 2009ರಲ್ಲಿ ಅಮೆರಿಕದ ಇಂಧನ ಇಲಾಖೆ 590 ಕೋಟಿ ಡಾಲರ್ ಸಾಲ ಮಂಜೂರು ಮಾಡಿತ್ತು.

ಭಾರತದ ಗ್ರಾಹಕರಿಗೆ ಒಳ್ಳೆಯ ಕಾರಿನ ಬೆಲೆ ತಿಳಿಯಲಿಲ್ಲ, ಅದಕ್ಕೇ ಫೋರ್ಡ್ ಹೋಯಿತು ಎಂಬ ಲೇಖನದ ಮಾತನ್ನು ನಾನು ಒಪ್ಪುವುದಿಲ್ಲ. 1926ರಲ್ಲೇ ಮುಂಬಯಿಗೆ ಬಂದು 1950ರ ದಶಕದಲ್ಲಿ ಬಾಗಿಲು ಹಾಕಿದ್ದ ಕಂಪನಿ, 1995ರಲ್ಲಿ ಮಹೀಂದ್ರಾ ಜೊತೆಗೂಡಿ ಮರಳಿತು. ಮರುವರ್ಷ ತಂದದ್ದು ಯುರೋಪಿನಲ್ಲಿ ಹಳತಾಗುತ್ತಿದ್ದ ಎಸ್ಕಾರ್ಟ್ ಕಾರನ್ನು. ನೆರೆಯಲ್ಲೇ ನೆಲೆಯೂರಿದ ಹುಂಡೈ 1998ರಲ್ಲಿ ಸಣ್ಣ ಸ್ಯಾಂಟ್ರೊ ತಂದು ಮನೆಮನೆಗೆ ತಲುಪಿತು. ಫೋರ್ಡ್ ತನ್ನ ಸಣ್ಣ ಕಾರು ಫಿಗೊ ತರುವ ಹೊತ್ತಿಗೆ 2010 ಆಗಿತ್ತು. ಒಳ್ಳೆಯ ಕಾರು ಕೊಟ್ಟಾಗ ನಮ್ಮ ಜನ ಕೊಂಡಿದ್ದಾರೆ. 1999ರ ಐಕಾನ್, 2013ರ ಇಕೋಸ್ಪೋರ್ಟ್ ಅದಕ್ಕೆ ಸಾಕ್ಷಿ. ಇಂದಿಗೂ ಡೀಸೆಲ್ ಫಿಗೊ ಓಡಿಸುವವರು ಅದರ ಸ್ಟೀರಿಂಗಿನ ಬಿಗಿಯನ್ನು ಕೊಂಡಾಡುವುದನ್ನು ನಾನು ಕೇಳಿದ್ದೇನೆ. ಆದರೂ ಹತ್ತು ವರ್ಷಗಳಲ್ಲಿ 200 ಕೋಟಿ ಡಾಲರಿಗೂ ಹೆಚ್ಚು ನಷ್ಟವಾಯಿತೆಂದು ಹೇಳಿ, 2021ರ ಸೆಪ್ಟೆಂಬರ್ 9ರಂದು ಇಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಪ್ರಕಟಿಸಿತು. ಸುಮಾರು 4,000 ನೌಕರರ ಬದುಕು ಅದರಿಂದ ಅಲುಗಾಡಿತು. ಗುಜರಾತಿನ ಸಾಣಂದದ ಕಾರ್ಖಾನೆಯನ್ನು ಟಾಟಾ ಸಂಸ್ಥೆ 725.7 ಕೋಟಿ ರೂಪಾಯಿಗೆ ಕೊಂಡಿತು. ಕಾರ್ಖಾನೆಯ ಸೈರನ್ ನಿಂತರೆ ಏನಾಗುತ್ತದೆ ಎಂಬುದನ್ನು ಕಲಬುರಗಿಯ ಜನರಿಗೆ ವಿವರಿಸಬೇಕಿಲ್ಲ. ನಮ್ಮ ಎಂ.ಎಸ್.ಕೆ. ಮಿಲ್ ಮುಚ್ಚಿ ಎಷ್ಟೋ ವರ್ಷಗಳಾದರೂ ಆ ಬಡಾವಣೆಯನ್ನು ನಾವು ಇನ್ನೂ ಮಿಲ್ಲಿನ ಹೆಸರಿನಿಂದಲೇ ಕರೆಯುತ್ತೇವೆ.

ಈಗ ಕಂಪನಿ ಮರೈಮಲೈ ನಗರದಲ್ಲಿ 3,250 ಕೋಟಿ ರೂಪಾಯಿ ತೊಡಗಿಸಿ 2029ರಿಂದ ಎಂಜಿನ್ ತಯಾರಿಸುವುದಾಗಿ ಹೇಳಿದೆ. ಕೆಲಸ ಬರುವುದಾದರೆ ಸಂತೋಷ. ನಾನು ಕಲಿಸಿದ ಹುಡುಗರಂಥವರು ಅಲ್ಲಿಗೆ ಹೋಗಿ ದುಡಿಯಲಿ. ಆದರೆ ಇಲ್ಲಿಯ ರಸ್ತೆಗಳ ಮೇಲೆ ಓಡುತ್ತಿರುವ ಫೋರ್ಡ್ ಕಾರುಗಳ ಮಾಲೀಕರ ಬಗ್ಗೆ ಲೇಖನ ಮೌನವಾಗಿದೆ. ತಯಾರಿಕೆ ನಿಲ್ಲಿಸುವಾಗ, ಸರ್ವೀಸು ಮತ್ತು ಬಿಡಿಭಾಗಗಳನ್ನು ಮುಂದುವರಿಸುವುದಾಗಿ ಕಂಪನಿಯೇ ಮಾತು ಕೊಟ್ಟಿತ್ತು. ಕಲಬುರಗಿ, ಬೀದರ್, ಯಾದಗಿರಿಯಂತಹ ಜಿಲ್ಲೆಗಳಲ್ಲಿ ಆ ಮಾತು ಯಾವ ಊರಿನ ಯಾವ ಅಂಗಡಿಯ ಮೂಲಕ, ಎಷ್ಟು ವರ್ಷದವರೆಗೆ, ಯಾವ ಯಾವ ಮಾದರಿಗಳಿಗೆ ನಡೆಯುತ್ತದೆ? ಖಾಸಗಿ ಗ್ಯಾರೇಜಿನ ಮಿಸ್ತ್ರಿಗಳಿಗೆ ರಿಪೇರಿಯ ಕೈಪಿಡಿ ಮತ್ತು ಅಸಲಿ ಬಿಡಿಭಾಗ ನೇರವಾಗಿ ಸಿಗುತ್ತವೆಯೇ? ಈ ಪ್ರಶ್ನೆಗಳನ್ನು ತಮ್ಮ ವರದಿಗಾರರು ಕಂಪನಿಯ ಮುಂದಿಟ್ಟು, ಬಂದ ಉತ್ತರವನ್ನು ಕಲ್ಯಾಣ ಕರ್ನಾಟಕದ ಪುಟದಲ್ಲಿ ಪ್ರಕಟಿಸಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಐಟಿಐ ಬೋಧಕ, ಕಲಬುರಗಿ