‘ಸಾಥ್’ ಅಂತ ಎಲ್ಲಾದಕ್ಕೂ ಬರೀಬ್ಯಾಡ್ರಿ

ಸಂಪಾದಕರಿಗೆ ನಮಸ್ಕಾರ್ರಿ,

ನಿಮ್ಮ ಪೇಪರ್ ನಮ್ಮ ಮನಿಗೆ ಅಪ್ಪಾರ ಕಾಲದಿಂದ ಬರ್ತೈತಿ, ಆ ಸಲಿಗಿಯಿಂದನ ಬರೀಲಿಕ್ಕತ್ತೀನಿ. ಇತ್ತೀಚಿಗೆ ಯಾವ ಪುಟ ತೆಗದ್ರೂ ‘ಸಾಥ್’. ಗಂಡನ ಕೊಲಿಗೆ ಪ್ರಿಯಕರನ ಸಾಥ್, ರೈತರ ಧರಣಿಗೆ ಸ್ವಾಮಿಗಳ ಸಾಥ್, ಹೊಸಾ ಸಿನಿಮಾಕ್ಕ ದೊಡ್ಡ ಹೀರೋ ಸಾಥ್, ಮಳಿಗೆ ಗಾಳಿ ಸಾಥ್. ಎರಡಕ್ಷರದ ಶಬ್ದ, ಹೆಡ್ಡಿಂಗ್‌ನ್ಯಾಗ ಜಾಗಾ ಉಳೀತೈತಿ, ರಾತ್ರಿ ಡೆಸ್ಕಿನ್ಯಾಗ ಕೂತವ್ರ ಅವಸರ ನನಗೂ ತಿಳೀತೈತಿ. ಆದ್ರ ನಮ್ಮ ಧಾರವಾಡದ ಕಡೆ ಇದು ಬ್ಯಾರೇನ ತೂಕದ ಶಬ್ದ ಐತ್ರಿ, ಹಾಡವ್ರ ಜೋಡಿ ಕೂತು ವಾದ್ಯ ನುಡಸೋದಕ್ಕ, ದನಿ ಕೂಡಸೋದಕ್ಕ ನಾವು ಸಾಥ್ ಅಂತೀವಿ.

ನಮ್ಮ ಕಾಕಾ ಪೇಟಿ ನುಡಸ್ತಿದ್ರು, ಹಾರ್ಮೋನಿಯಂಗ ನಾವು ಪೇಟಿ ಅಂತೀವಿ. ಒಮ್ಮೆ ಮನಿ ಬೈಠಕ್‌ನ್ಯಾಗ ಹಾಡವ್ರಿಗೆ ನಿಧಾನ ಲಯದ ವಿಲಂಬಿತ್ ನಡುವನ ಕೆಮ್ಮು ಬಂತು, ತಾರ ಷಡ್ಜಕ್ಕ (ಮ್ಯಾಲಿನ ‘ಸಾ’ ಸ್ವರಕ್ಕ) ಹೊಂಟಿದ್ದ ದನಿ ಅರ್ಧಕ್ಕ ನಿಂತ್ತು. ಕಾಕಾ ತಲಿ ಎತ್ತಲೂ ಇಲ್ಲ, ದನಿ ನಿಂತ ಜಾಗಾದಿಂದನ ಸ್ವರಾ ಹಿಡದು ಮೆಲ್ಲಕ ಮ್ಯಾಲಿ ಷಡ್ಜಕ್ಕ ಹೋಗಿ ಅಲ್ಲೇ ನಿಂತ್ರು, ತಬಲಾದವ್ರು ಏಕತಾಲದ 12 ಮಾತ್ರೆ (ತಾಳದ ಎಣಿಕಿ) ಒಂದು ಕೂದಲೆಳಿನೂ ಹಿಂದ ಮುಂದ ಆಗದಂಗ ಠೇಕಾ (ತಾಳದ ಮೂಲ ಬಡಿತ) ಹಿಡಕೊಂಡು ಕೂತ್ರು, ಹಾಡವ್ರು ಒಂದು ಗುಟುಕು ನೀರು ಕುಡದು ಮುಖಡಾ (ಹಾಡಿನ ಮೊದಲ ಸಾಲಿನ ತುಣುಕು) ಎತ್ತಿಕೊಂಡು ಸರಿಯಾಗಿ ಸಮ್‌ಗೆ (ತಾಳದ ಮೊದಲ ಮಾತ್ರೆಗೆ) ಬಂದು ಕೂಡಿದ್ರು. ಹಿಂದ ಕೂತ ಮಂದಿಗೆ ಏನಾತು ಅನ್ನೋದ ಗೊತ್ತಾಗ್ಲಿಲ್ಲ. ಅದು ಸಾಥ್.

ಗಂಗೂಬಾಯಿ ಹಾನಗಲ್ ಅವರ ಹಿಂದ ಕೂತು ಮಗಳು ಕೃಷ್ಣಾ ಎಷ್ಟು ವರ್ಷ ಹಾಡಿದ್ರು ನೆನಪು ಮಾಡಿಕೊಳ್ರಿ. ಆಕಿ ಸ್ವತಃ ದೊಡ್ಡ ಗಾಯಕಿ, ಆದ್ರೂ ತಾಯಿ ದನಿಗೆ ದನಿ ಕೂಡಸ್ಕೋತ ಬಂದ್ರು, 2004ರಾಗ ತಾಯಿಗಿಂತ ಮೊದಲ ಹೋಗಿಬಿಟ್ರು. ಆಕಿ ಮಾಡಿದ್ದಕ್ಕೂ ಸಾಥ್, ಹೆಣ ಸಾಗಿಸಿದವಂದಕ್ಕೂ ಸಾಥ್ ಅಂದ್ರ ಹೊಟ್ಟಿ ಉರೀತೈತ್ರಿ.

ಕೊಲಿ ಸುದ್ದಿಯೊಳಗ ಇದರಿಂದ ಇನ್ನೊಂದು ತೊಂದ್ರಿ ಐತಿ. ಆ ಮನಷ್ಯಾ ಸಂಚು ಹಾಕಿದ್ನೋ, ಕೈಕಾಲು ಹಿಡಕೊಂಡಿದ್ನೋ, ಬರೇ ಗಾಡಿ ಕೊಟ್ನೋ, ಏನೂ ತಿಳಿಯಂಗಿಲ್ಲ, ಎಲ್ಲಾ ಸಾಥ್‌ನ್ಯಾಗ ಮುಚ್ಚಿ ಹೋಗ್ತೈತಿ. ಕುಮ್ಮಕ್ಕು, ಶಾಮೀಲು ಅಂತ ಗಟ್ಟಿ ಶಬ್ದ ಅದಾವಲ್ರಿ, ಧರಣಿಗೆ ಬೆಂಬಲ ಅಂತ ಐತಿ. ಕ್ರಿಕೆಟ್ ಸುದ್ದಿಯೊಳಗ ಬಂದ್ರ ನನ್ನ ತಕರಾರಿಲ್ಲ, ಒಬ್ಬಾಂವ ಹೊಡೆಯೋ ಮುಂದ ಇನ್ನೊಬ್ಬಾಂವ ಒಂದೊಂದು ರನ್ ತಗೊಂಡು ವಿಕೆಟ್ ಕಾಯ್ತಾನಲ್ಲ, ಅದು ಖರೇನ ಸಾಥ್.

ಇನ್ನ ಈ ಶಬ್ದದ ಸ್ವಂತ ಮನಿ, ಸಂಗೀತದ ವರದಿ, ಅಲ್ಲೇ ಇದರ ಗತಿ ಭಾಳ ಕೆಟ್ಟೈತಿ. ಹಾಡವ್ರ ರಾಗ, ಬಂದಿಶ್, ಶಾಲು ಹೊದಿಸಿದವ್ರು, ದೀಪ ಹಚ್ಚಿದವ್ರು ಎಲ್ಲಾ ಬಂದ ಮ್ಯಾಲೆ ಕಡೀಕ ಒಂದು ಸಾಲು, ‘ತಬಲಾದಲ್ಲಿ ಇಂಥವರು, ಹಾರ್ಮೋನಿಯಂನಲ್ಲಿ ಇಂಥವರು ಸಾಥ್ ನೀಡಿದರು’. ಜಾಗಾ ಕಡಿಮಿ ಬಿದ್ರ ಮೊದಲ ಕತ್ತರಿ ಆ ಸಾಲಿಗೇನ. ಕಾಕಾ ಮರುದಿನ ಪೇಪರ್ ಬಂದ ಕೂಡ್ಲೇ ಹಿಂದಿನ ಪುಟದಿಂದ ತೆಗೀತಿದ್ರು, ಒಮ್ಮೆ ಯಾವದೋ ಪೇಪರಿನ್ಯಾಗ ಫೋಟೋದಾಗ ಅವರ ಬಲಗೈ ಮತ್ತ ಅರ್ಧಾ ಪೇಟಿ ಅಷ್ಟ ಬಂದಿತ್ತು, ಹೆಸರು ಇರಲಿಲ್ಲ. ಏನೂ ಅನ್ಲಿಲ್ಲ, ಆ ಫೋಟೋನ ಕತ್ತರಿಸಿ ಪೇಟಿ ಡಬ್ಬಿಯೊಳಗ ಇಟಗೊಂಡ್ರು. ಈಗ ಅವರಿಲ್ಲ, ಫೋಟೋ ಇನ್ನೂ ಅಲ್ಲೇ ಐತಿ.

ಕುಂದಗೋಳದ ನಾಡಗೇರ ವಾಡೇದಾಗ ಗಂಗೂಬಾಯಿಯವರ ಗುರು ಸವಾಯಿ ಗಂಧರ್ವರ ಪುಣ್ಯತಿಥಿಗೆ ರಾತ್ರಿಪೂರ್ತಿ ಹಾಡು ನಡೀತೈತಿ. ಮುಂದಿನ ಸಲ ನಿಮ್ಮ ವರದಿಗಾರರು ಬಂದಾಗ ಒಂದು ಅರ್ಧಾ ತಾಸು ತಬಲಾದವ್ರ ಕೈ ಕಾಣೋ ಜಾಗಾದಾಗ ಕೂಡ್ಲಿ. ಅವರು ಎಲ್ಲಿ ಬಾರಿಸಿದ್ರು, ಎಲ್ಲಿ ಬೇಕಂತ ಸುಮ್ಮನಿದ್ರು ಅನ್ನೋದನ್ನ ಎರಡ ಸಾಲು ಬರೀಲಿ, ಹೆಸರು ಸರಿಯಾಗಿ ಕೇಳಿ ಬರಕೊಳ್ಳಲಿ.

– ನಿಮ್ಮ ಹಳೇ ಓದುಗ, ಧಾರವಾಡ