ಇನ್ಮೇಲೆ ರೋಡ್ ಕಟಿಂಗ್ ಪರ್ಮಿಷನ್ ಕೈಗೆ ಬಂದ್ಮೇಲೇ ಕೆಲಸದ ತಾರೀಕು ಹೇಳ್ತೀವಿ

ನಮ್ಮ ಎಲ್ಲ ಗ್ರಾಹಕರಿಗೆ ನಮಸ್ಕಾರ,

ನೀರಿನ ಲೈನ್ ಆಗ್ಲಿ, ಒಳಚರಂಡಿ ಕನೆಕ್ಷನ್ ಆಗ್ಲಿ, ಕೇಬಲ್ ಪೈಪ್ ಆಗ್ಲಿ, ಅದಕ್ಕೆ ಸಾರ್ವಜನಿಕ ರಸ್ತೆ ಅಥವಾ ಫುಟ್‌ಪಾತ್ ಅಗೀಬೇಕು ಅಂದ್ರೆ, ಇನ್ಮೇಲೆ ನಗರಾಡಳಿತದ ಲಿಖಿತ ಅನುಮತಿ ನಮ್ಮ ಕೈಗೆ ಬಂದ್ಮೇಲೇ ನಿಮಗೆ ತಾರೀಕು ಕೊಡ್ತೀವಿ. ಇಲ್ಲೀವರೆಗೆ ಆರ್ಡರ್ ತಗೊಂಡ ದಿನಾನೇ ಒಂದು ಅಂದಾಜು ತಾರೀಕು ಹೇಳೋ ರೂಢಿ ಇತ್ತು, ಅದನ್ನ ನಿಲ್ಲಿಸಿದೀವಿ. ಬಿಲ್ಲಲ್ಲೂ ಒಂದು ಬದಲಾವಣೆ ಇದೆ, ಪರ್ಮಿಟ್ ಫೀಸು ಮತ್ತೆ ರಸ್ತೆ ರಿಪೇರಿ ಚಾರ್ಜು ನಮ್ಮ ಕೂಲಿ ಜೊತೆ ಸೇರಿಸ್ದೆ ಬೇರೆ ಸಾಲಲ್ಲಿ ಹಾಕಿ, ಕಟ್ಟಿದ ರಸೀದಿ ಕಾಪಿ ಜೊತೇಲಿ ಕೊಡ್ತೀವಿ. ನಿಮ್ಮ ಕಾಂಪೌಂಡ್ ಒಳಗಡೆ ಮಾತ್ರ ಕೆಲಸ ಇದ್ರೆ ಇದ್ಯಾವುದೂ ನಿಮಗೆ ಸಂಬಂಧ ಇಲ್ಲ.

"ಎರಡಡಿ ಅಗಲದ ಗುಂಡಿ ಅಲ್ವಾ, ಒಂದು ರಾತ್ರೀಲಿ ಅಗೆದು ಮುಚ್ಚಿಬಿಡಿ" ಅಂತ ತುಂಬ ಜನ ಕೇಳ್ತಾರೆ. ಮನೇಲಿ ನೀರಿಲ್ದೆ ಇರೋರ ಅವಸರ ನಮಗೆ ಅರ್ಥ ಆಗುತ್ತೆ. ಆದ್ರೆ ಆ ಎರಡಡಿ ಕೆಳಗೆ ಗ್ಯಾಸ್ ಪೈಪು, ಹೈ ಟೆನ್ಷನ್ ಕೇಬಲ್ಲು, ಇಡೀ ಏರಿಯಾಗೆ ನೀರು ಕೊಡೋ ಮೇನ್ ಲೈನು, ಹಳೇ ಚರಂಡಿ, ಫೈಬರ್ ಕೇಬಲ್ಲು ಎಲ್ಲಾ ಒಂದರ ಮೇಲೊಂದು ಹೋಗಿರಬಹುದು. 2004ರ ಜುಲೈ 30ಕ್ಕೆ ಬೆಲ್ಜಿಯಂನ ಗಿಲಾಂಗ್ಯಾಂ ಅನ್ನೋ ಕಡೆ ದೊಡ್ಡ ಗ್ಯಾಸ್ ಪೈಪ್‌ಲೈನ್ ಸ್ಫೋಟ ಆಗಿ 24 ಜನ ಸತ್ರು. ಅದಕ್ಕೂ ಮುಂಚೆ ಅಲ್ಲಿ ನಡೆದಿದ್ದ ಕಾಮಗಾರಿಯ ಮೆಷಿನ್ ತಗುಲಿ ಪೈಪಿಗೆ ಪೆಟ್ಟು ಬಿದ್ದಿತ್ತು. ಪೆಟ್ಟು ಬಿದ್ದಾಗ ಏನೂ ಆಗಲಿಲ್ಲ, ಒತ್ತಡ ಜಾಸ್ತಿ ಆದ ದಿನ ಒಡೀತು. ಅಗೆದೋರು ಗುಂಡಿ ಮುಚ್ಚಿ ಹೋದ್ಮೇಲೂ ಅಪಾಯ ಅಲ್ಲೇ ಮಣ್ಣಡಿ ಕೂತಿರುತ್ತೆ, ಅದಕ್ಕೇ ನಾವು ಈ ವಿಷಯದಲ್ಲಿ ಇಷ್ಟು ಗಟ್ಟಿಯಾಗಿ ನಿಂತಿರೋದು.

ಹಾಗಾದ್ರೆ ಪರ್ಮಿಷನ್ನಿಗೆ ಅಷ್ಟು ದಿನ ಯಾಕೆ ಬೇಕು? ಮೊದಲು ಆ ರಸ್ತೆ ಯಾರದ್ದು ಅಂತ ಗೊತ್ತಾಗಬೇಕು. ನಿಮ್ಮ ಮನೆ ಮುಂದಿನ ಗಲ್ಲಿ ನಗರಾಡಳಿತದ್ದು, ಅದು ಹೋಗಿ ಸೇರೋ ಮೇನ್ ರೋಡು ಹೆದ್ದಾರಿ ಇಲಾಖೆದು ಆಗಿದ್ರೆ ಒಂದೇ ಪೈಪಿಗೆ ಎರಡು ಕಡೆ ಅರ್ಜಿ. ಅರ್ಜಿ ಜೊತೆ ಡ್ರಾಯಿಂಗ್ ಕೊಡಬೇಕು, ಅದರಲ್ಲಿ ಉದ್ದ, ಅಗಲ, ಆಳ, ಎಲ್ಲಿಂದ ಎಲ್ಲೀವರೆಗೆ, ಮೇಲಿರೋದು ಡಾಂಬರೋ ಕಾಂಕ್ರೀಟೋ ಬ್ಲಾಕೋ ಅಂತ ಎಲ್ಲಾ ಇರಬೇಕು, ಯಾಕಂದ್ರೆ ರಿಪೇರಿ ಚಾರ್ಜು ಸಾಮಾನ್ಯವಾಗಿ ಈ ಅಳತೆ ಮತ್ತೆ ರಸ್ತೆಯ ನಮೂನೆ ಮೇಲೇ ಲೆಕ್ಕ ಆಗೋದು. ಆಮೇಲೆ ಬೇರೆ ಲೈನಿನವರ ಹತ್ರ ನಕ್ಷೆ ಮತ್ತೆ ಎನ್‌ಒಸಿ (ನಮ್ಮದೇನೂ ಅಭ್ಯಂತರ ಇಲ್ಲ ಅನ್ನೋ ಪತ್ರ), ವಾಹನ ಓಡಾಡೋ ರಸ್ತೆ ಆದ್ರೆ ಟ್ರಾಫಿಕ್ ಪೊಲೀಸರ ಒಪ್ಪಿಗೆ, ಇಂಜಿನಿಯರ್ ಬಂದು ಜಾಗ ನೋಡೋದು, ಡೆಪಾಸಿಟ್ ಕಟ್ಟೋದು. ಒಂದು ಕಡೆ ತಡ ಆದ್ರೆ ಹಿಂದಿಂದೆಲ್ಲಾ ತಡ.

ಇಷ್ಟಾದ್ರೂ ನಕ್ಷೆನ ಪೂರ್ತಿ ನಂಬೋಕಾಗಲ್ಲ. ಹಳೇ ಪೈಪುಗಳು ಕಾಗದದಲ್ಲಿರೋ ಜಾಗಕ್ಕಿಂತ ಒಂದೆರಡು ಅಡಿ ಆಚೀಚೆ ಇರೋದು ಮಾಮೂಲಿ, ಕೆಲವಂತೂ ಯಾವ ನಕ್ಷೇಲೂ ಇರಲ್ಲ. ಮಣ್ಣಡಿ ಇರೋ ಲೈನ್ ಪತ್ತೆ ಮಾಡೋ ಲೊಕೇಟರ್ ಮೆಷಿನ್ ಕಬ್ಬಿಣದ ಪೈಪು, ಕರೆಂಟ್ ಹರಿಯೋ ಕೇಬಲ್ ಹಿಡಿಯುತ್ತೆ, ಪ್ಲಾಸ್ಟಿಕ್ ಪೈಪಿನ ಜೊತೆ ಟ್ರೇಸರ್ ವೈರ್ (ಪತ್ತೆಗೆ ಅಂತಲೇ ಹಾಕೋ ಲೋಹದ ತಂತಿ) ಹಾಕದೇ ಇದ್ರೆ ಅದಕ್ಕೆ ಸಿಗಲ್ಲ. ರಾಡಾರ್ ಮೆಷಿನ್ ಪ್ಲಾಸ್ಟಿಕ್ಕನ್ನೂ ತೋರಿಸಬಲ್ಲದು, ಆದ್ರೆ ಒದ್ದೆ ಜೇಡಿಮಣ್ಣಲ್ಲಿ ಅದರ ಸಿಗ್ನಲ್ ಹೆಚ್ಚು ಆಳಕ್ಕೆ ಇಳಿಯಲ್ಲ. ಹಾಗಾಗಿ ಜೆಸಿಬಿ ಇಳಿಸೋ ಮುಂಚೆ ಅಲ್ಲಲ್ಲಿ ಕೈಯಿಂದ ಸಣ್ಣ ಪರೀಕ್ಷಾ ಗುಂಡಿ ತೆಗೆದು ಕಣ್ಣಾರೆ ನೋಡ್ತೀವಿ. ಪರ್ಮಿಟ್ ಬಂದ್ಮೇಲೂ ಮೊದಲನೇ ದಿನ ನಮ್ಮ ಹುಡುಗರು ಗುದ್ದಲಿ ಹಿಡ್ಕೊಂಡು ನಿಧಾನಕ್ಕೆ ಅಗೀತಾ ಇದ್ರೆ ಅದು ಇದೇ ಕೆಲಸ, ದಯವಿಟ್ಟು ಅವರಿಗೆ ಅವಸರ ಮಾಡಬೇಡಿ. ಆಳ ಜಾಸ್ತಿ ಇದ್ದಾಗ ಗುಂಡಿ ಪಕ್ಕದ ಮಣ್ಣಿನ ಗೋಡೆ ಕುಸಿಯದ ಹಾಗೆ ಹಲಗೆ ಕಟ್ಟಿ ಆಸರೆ ಕೊಡ್ತೀವಿ, ಅದಕ್ಕೂ ಟೈಮ್ ಹಿಡಿಯುತ್ತೆ. ಒಂದು ಘನ ಮೀಟರ್ ಮಣ್ಣು ಸುಮಾರು ಒಂದೂವರೆ ಟನ್ ತೂಗುತ್ತೆ, ಅದು ಮೈಮೇಲೆ ಬಿದ್ರೆ ಮನುಷ್ಯ ಉಳಿಯೋದು ಕಷ್ಟ.

ರಿಪೇರಿ ಚಾರ್ಜು ಯಾಕಷ್ಟು ಅಂತ ಕೇಳೋರಿಗೆ ಒಂದು ಮಾತು. ಗುಂಡಿಗೆ ಮಣ್ಣೆಲ್ಲಾ ಒಂದೇ ಸಲ ಸುರಿದು ಮೇಲೆ ಮೆಷಿನ್ ಓಡಿಸಿದ್ರೆ ಮೇಲಿನ ಪದರ ಮಾತ್ರ ಗಟ್ಟಿ ಆಗೋದು, ಮಳೆ ನೀರು ಇಳಿದ ಮೇಲೆ ಕೆಳಗಿನ ಸಡಿಲ ಮಣ್ಣು ಕೂತು ರಸ್ತೆ ಕುಸಿಯುತ್ತೆ. ಸುಮಾರು ಅರ್ಧ ಅಡಿಗೊಂದು ಪದರ ಹಾಕಿ, ಪ್ರತಿ ಪದರಾನೂ ದಮ್ಮಸ್ ಮಾಡಿ (ಬಡಿದು ಗಟ್ಟಿ ಮಾಡಿ), ಪೈಪಿನ ಮೇಲ್ಗಡೆ ಎಚ್ಚರಿಕೆ ಟೇಪ್ ಹಾಸಿ, ಆಮೇಲೆ ಜಲ್ಲಿ, ಡಾಂಬರು. ಕಟ್ ಮಾಡಿದ ಅಂಚಿನ ಪಕ್ಕದ ರಸ್ತೇನೂ ಆಸರೆ ತಪ್ಪಿ ಸಡಿಲ ಆಗಿರುತ್ತೆ, ಅದಕ್ಕೆ ಗುಂಡಿಗಿಂತ ಸ್ವಲ್ಪ ಅಗಲವಾಗಿ ಕತ್ತರಿಸಿ ಹೊಸ ಡಾಂಬರು ಹಾಕಬೇಕಾಗುತ್ತೆ. ಇಂಗ್ಲೆಂಡಲ್ಲಿ ರಸ್ತೆ ಅಗೆದ ಕಂಪನಿ ಆ ತೇಪೆಗೆ 2 ವರ್ಷ ಜವಾಬ್ದಾರಿ, ಆಳದ ಗುಂಡಿ ಆದ್ರೆ 3 ವರ್ಷ. ಇದು ನ್ಯಾಯವಾದ ನಿಯಮ ಅಂತಾನೇ ನಮ್ಮ ಅಭಿಪ್ರಾಯ, ರಸ್ತೆ ಅಗೆಯೋರು ನಾವಾದ್ರೂ ಅದರಲ್ಲಿ ಓಡಾಡೋರು ಎಲ್ರೂ.

ಹೊಸದಾಗಿ ಡಾಂಬರು ಆದ ರಸ್ತೆಗೆ ಕೆಲವು ವರ್ಷ ಕಟಿಂಗ್ ಪರ್ಮಿಷನ್ ಕೊಡದೇ ಇರೋದು ಎಷ್ಟೋ ನಗರಗಳಲ್ಲಿದೆ. ನಿಮ್ಮ ರಸ್ತೆಗೆ ಡಾಂಬರು ಹಾಕ್ತಾರೆ ಅಂತ ಸುದ್ದಿ ಬಂದ ತಕ್ಷಣ ನಮಗೆ ತಿಳಿಸಿ, ಅದಕ್ಕೆ ಮುಂಚೆ ಅರ್ಜಿ ಹಾಕೋಕೆ ನೋಡ್ತೀವಿ. ಅಕ್ಕಪಕ್ಕದ ಮನೆಯೋರಿಗೂ ಕನೆಕ್ಷನ್ ಬೇಕಿದ್ರೆ ಒಟ್ಟಿಗೆ ಬನ್ನಿ, ಒಂದೇ ಟ್ರೆಂಚಲ್ಲಿ ಆಗುತ್ತೆ, ಚಾರ್ಜೂ ಹಂಚಿಹೋಗುತ್ತೆ. ರಸ್ತೆ ಅಗೀದೇ ಅಡಿಯಿಂದ ಡ್ರಿಲ್ ಮಾಡಿ ಪೈಪ್ ಎಳೆಯೋಕೆ ಆಗಲ್ವಾ ಅಂತ ಕೇಳೋರಿಗೆ, ಆಗುತ್ತೆ, ಜಾಗ ನೋಡಿ ಮಾಡ್ತೀವಿ, ಆದ್ರೆ ಅದಕ್ಕೂ ಪರ್ಮಿಟ್ ಬೇಕು, ಎರಡೂ ತುದೀಲಿ ಗುಂಡಿ ಬೇಕು. ಕಣ್ಣಿಗೆ ಕಾಣದೆ ಕೊರೆಯೋ ಕೆಲಸ ಆದ್ದರಿಂದ ಅಡಿಯಲ್ಲಿರೋ ಲೈನುಗಳ ಮಾಹಿತಿ ಇನ್ನೂ ಪಕ್ಕಾ ಇರಬೇಕು. ಹೀಗೆ ಕೊರೆದ ಗ್ಯಾಸ್ ಪೈಪು ಗೊತ್ತಾಗದೆ ಚರಂಡಿ ಪೈಪಿನೊಳಗೇ ತೂರಿಹೋಗಿ, ಎಷ್ಟೋ ದಿನದ ಮೇಲೆ ಬ್ಲಾಕ್ ತೆಗೆಯೋಕೆ ಕಟರ್ ಹಾಕಿದಾಗ ಗ್ಯಾಸ್ ಸೋರಿರೋದು ಬೇರೆ ದೇಶಗಳಲ್ಲಿ ಆಗಿದೆ.

ಪೈಪ್ ಒಡೆದು ನೀರು ನುಗ್ತಾ ಇದೆ, ಚರಂಡಿ ಉಕ್ಕಿ ಮನೆಯೊಳಗೆ ಬರ್ತಿದೆ, ಇಂಥ ತುರ್ತಿಗೆ ಈ ಬದಲಾವಣೆ ಅಡ್ಡ ಬರಲ್ಲ. ತುರ್ತು ಕೆಲಸಕ್ಕೆ ನಿಯಮಗಳಲ್ಲಿ ಸಾಮಾನ್ಯವಾಗಿ ಬೇರೆ ದಾರಿ ಇರುತ್ತೆ, ತಕ್ಷಣ ಮಾಹಿತಿ ಕೊಟ್ಟು ಕೆಲಸ ಶುರು ಮಾಡಿ ಕಾಗದಪತ್ರ ಬೇಗ ಮುಗಿಸಬಹುದು. ಯಾವ ಹೊತ್ತಾದ್ರೂ ಫೋನ್ ಮಾಡಿ. ಗ್ಯಾಸ್ ವಾಸನೆ ಬಂದ್ರೆ ಮಾತ್ರ ಮೊದಲು ಅಲ್ಲಿಂದ ದೂರ ಹೋಗಿ, ಗ್ಯಾಸ್ ಕಂಪನಿಗೆ ಹೇಳಿ, ಆಮೇಲೆ ನಮಗೆ.

ಕೆಲಸ ನಡೆಯೋ ಜಾಗದಲ್ಲಿ ಪರ್ಮಿಟ್ ಕಾಪಿ ನಮ್ಮ ಮೇಸ್ತ್ರಿ ಹತ್ರ ಇರುತ್ತೆ, ಯಾರು ಬೇಕಾದ್ರೂ ಕೇಳಿ ನೋಡಬಹುದು, ಅದರಲ್ಲಿರೋ ತಾರೀಕು ದಾಟಿದ್ರೆ ರಿನ್ಯೂ ಆಗೋವರೆಗೆ ಕೆಲಸ ನಿಲ್ಲುತ್ತೆ. ಪರ್ಮಿಷನ್ ಬೇಗ ಮಾಡಿಸ್ತೀವಿ ಅಂತ ಯಾರಾದ್ರೂ ರಸೀದಿ ಇಲ್ದೆ ದುಡ್ಡು ಕೇಳಿದ್ರೆ ಕೊಡಬೇಡಿ, ನಮ್ಮ ಹೆಸರು ಹೇಳ್ಕೊಂಡು ಕೇಳಿದ್ರೂ ಕೊಡಬೇಡಿ, ಆಫೀಸಿಗೆ ತಿಳಿಸಿ.

ಈಗಾಗ್ಲೇ ತಾರೀಕು ಕೊಟ್ಟಿರೋ ಕೆಲಸಗಳಲ್ಲಿ ಪರ್ಮಿಟ್ ಬಂದಿರೋವು ಅದೇ ದಿನ ನಡೆಯುತ್ತೆ. ಉಳಿದವರಿಗೆ ಅರ್ಜಿ ಎಲ್ಲಿದೆ ಅಂತ ನಾವೇ ಫೋನ್ ಮಾಡಿ ಹೇಳ್ತೀವಿ, ಪ್ರತಿ ವಾರ ಒಂದು ಮೆಸೇಜೂ ಬರುತ್ತೆ. ಕಾಯೋಕೆ ಆಗಲ್ಲ ಅನ್ನೋರು ಅರ್ಜಿ ಹಾಕೋ ಮುಂಚೆ ಹೇಳಿದ್ರೆ ಅಡ್ವಾನ್ಸ್ ಪೂರ್ತಿ ವಾಪಸ್ ಕೊಡ್ತೀವಿ, ಅರ್ಜಿ ಹಾಕಿದ್ಮೇಲೆ ಆದ್ರೆ ನಗರಾಡಳಿತಕ್ಕೆ ಕಟ್ಟಿದ ಫೀಸ್ ಬಿಟ್ಟು ಉಳಿದದ್ದು.