ಘಾಟಿಯಲ್ಲಿ ಕಾಲು ಹಿಡಿದ ಅಣ್ಣನಿಗೆ

ಶಿವರಾತ್ರಿಗೆ ಧರ್ಮಸ್ಥಳಕ್ಕೆ ನಡೆದು ಹೊರಟವರ ಕಾಲಿಗೆ ಚಾರ್ಮಾಡಿ ಘಾಟಿಯಲ್ಲಿ ಆರೈಕೆ ಮಾಡಿ, ಹೆಸರೂ ಹೇಳದೆ ಹೋದ ಅಣ್ಣ, ನಿಮಗೆ ನಮ್ಮೆಲ್ಲರ ನಮಸ್ಕಾರ.

ಬೊಬ್ಬೆಯ ಸಿಪ್ಪೆ ಕಿತ್ತರೆ ಹಸಿ ಚರ್ಮಕ್ಕೆ ಧೂಳು ತಾಗಿ ಕೀವಾಗುತ್ತದೆ. ನೀವು ಸೋಪು ಹಾಕಿ ಪಾದ ತೊಳೆಸಿ, ಸ್ಪಿರಿಟ್‌ನಲ್ಲಿ ಒರೆಸಿದ ಸೂಜಿಯಿಂದ ಅಂಚಿನಲ್ಲಷ್ಟೇ ಚುಚ್ಚಿ ನೀರಿಳಿಸಿ, ಮೇಲಿನ ಚರ್ಮ ಹಾಗೇ ಉಳಿಸಿ ಬ್ಯಾಂಡೇಜ್ ಸುತ್ತಿದಿರಿ. ಸಣ್ಣ ಬೊಬ್ಬೆಗೆ ಸೂಜಿಯನ್ನೇ ತಾಗಿಸಲಿಲ್ಲ. ಸಕ್ಕರೆ ಕಾಯಿಲೆಯವರನ್ನು ಚುಚ್ಚದೆ ನೇರ ವೈದ್ಯರ ಬಳಿ ಕಳಿಸಿದ್ದಂತೂ ದೊಡ್ಡ ಉಪಕಾರ. ಅವರ ಗಾಯ ಬೇಗ ಮಾಯುವುದಿಲ್ಲ.

ಬೆವರಿ ಬಳಲಿದವರಿಗೆ 1 ಲೀಟರ್ ಕಾಯಿಸಿ ಆರಿಸಿದ ನೀರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿ ಕುಡಿಸಿದಿರಿ.

“ಸ್ವಾಮಿ ನಡೆಸ್ತಾನೆ, ನೋವು ತಡ್ಕೊಳ್ಳಿ, ಗಾಯ ಆದ್ರೆ ಮಾತ್ರ ಹೇಳದೆ ಬಚ್ಚಿಡಬೇಡಿ” ಅಂದಿರಿ. ಆ ಮಾತಿನ ಧೈರ್ಯದಲ್ಲೇ ಎಷ್ಟೋ ಜನ ಇಳಿಜಾರು ಇಳಿದು ಮಂಜುನಾಥನ ಸನ್ನಿಧಿ ಸೇರಿದರು.